ಗಾಳಿಯಲ್ಲಿ ಬಾಗಿದ ಹೂಗಳು: ಹೊಕುಸಾಯ್

ಹೊಕುಸಾಯ್ ಎಂದೊಡನೆ ಲೋಕಕ್ಕೆ ನೆನಪಾಗುವುದು ಹೆಡೆಯೆತ್ತಿ ನಿಂತ ಕಡಲಿನ ಅಲೆ. ಅದೇ ಕೈಯಿಂದ ಮೂಡಿದ ಹೂಗಳನ್ನು ಬಲ್ಲವರು ವಿರಳ. ಆತನ ಅಂತರಂಗವನ್ನು ಅರಿಯಲು ಅಲೆಗಿಂತ ಆ ಹೂಗಳೇ ಮೇಲೆಂದು ನನ್ನ ಎಣಿಕೆ.

ಇಂದು ಟೋಕಿಯೋ ಎನಿಸಿರುವ ಎಡೋ ನಗರದಲ್ಲಿ 1760ರಲ್ಲಿ ಆತ ಜನಿಸಿದ. ಹದಿಹರೆಯದಲ್ಲಿ ಕೈಗೆ ಬಂದುದು ಕುಂಚವಲ್ಲ, ಉಳಿ. ಮರದ ಅಚ್ಚು ಕೊರೆಯುವ ಕೆಲಸ. ಅನಂತರ ಕತ್ಸುಕಾವಾ ಶುನ್‌ಶೋ ಎಂಬ ಗುರುವಿನಲ್ಲಿ ಚಿತ್ರಾಭ್ಯಾಸ. ಬಾಳಿನುದ್ದಕ್ಕೂ ಸುಮಾರು ಮೂವತ್ತು ಹೆಸರುಗಳನ್ನು ಧರಿಸಿ ತ್ಯಜಿಸಿದ. ಮನೆ ಬದಲಿಸಿದ್ದು ತೊಂಬತ್ತು ಬಾರಿಗೂ ಮಿಗಿಲೆಂದು ಪ್ರತೀತಿ.

ಎಪ್ಪತ್ತರ ಹೊಸ್ತಿಲಲ್ಲಿ ಕಷ್ಟಗಳು ಸಾಲುಗಟ್ಟಿ ಬಂದುವು. ಪಾರ್ಶ್ವವಾಯು ತಟ್ಟಿತು. 1828ರಲ್ಲಿ ಪತ್ನಿ ತೀರಿಕೊಂಡಳು. ದಾರಿತಪ್ಪಿದ ಮೊಮ್ಮಗನ ಸಾಲವೂ ಮುದುಕನ ಹೆಗಲೇರಿತು. ಮತ್ತೊಬ್ಬನಾದರೆ ಕುಂಚವನ್ನು ಕೆಳಗಿಡುತ್ತಿದ್ದನೇನೋ. ಹೊಕುಸಾಯ್‌ನ ಫ್ಯೂಜಿ ಪರ್ವತದ ಪ್ರಖ್ಯಾತ ಚಿತ್ರಮಾಲೆ ಬಂದದ್ದು ಇದರ ನಂತರವೇ. ಅದರ ಬೆನ್ನಿಗೇ, 1833-34ರ ಸುಮಾರಿಗೆ, ಹತ್ತು ದೊಡ್ಡ ಹೂವಿನ ಚಿತ್ರಗಳು ಹೊರಬಂದುವು.

ಹೂ-ಹಕ್ಕಿಗಳ ಅಚ್ಚುಚಿತ್ರಗಳು ಸಾಮಾನ್ಯವಾಗಿ ಉದ್ದುದ್ದವಾಗಿರುತ್ತಿದ್ದುವು. ಆತ ಹಾಳೆಯನ್ನು ಅಡ್ಡಲಾಗಿ ಹಿಡಿದು ಹೂವನ್ನು ಕಣ್ಣಿನ ತೀರ ಸಮೀಪಕ್ಕೆ ತಂದ. ಗಸಗಸೆ ಹೂಗಳು ಬಿರುಗಾಳಿಗೆ ಒಂದೇ ಬದಿಗೆ ಬಾಗಿವೆ. ಅವುಗಳ ಬಾಗಿನಲ್ಲಿ ಆ ಕಡಲ ಅಲೆಯ ಬಾಗೇ ಕಾಣುತ್ತದೆ. ಪಿಯೋನಿ ಹೂವಿನ ಬಳಿ ಚಿಟ್ಟೆಯೊಂದು ಗಾಳಿಯೊಡನೆ ಸೆಣಸುತ್ತಿದೆ. ಮುಂಜಾನೆ ಅರಳುವ ಬಳ್ಳಿಹೂಗಳ ನಡುವೆ ಹಸಿರು ಕಪ್ಪೆಯೊಂದು ಅಡಗಿದೆ. ಅದನ್ನು ಕಾಣಲು ನೋಡುವವನಿಗೂ ತಾಳ್ಮೆ ಬೇಕು. ಗಾಳಿಯನ್ನು ಬರೆಯಲಾಗದು, ಗಾಳಿಗೆ ಸಿಕ್ಕ ದಳವನ್ನು ಬರೆಯಬಹುದು. ಇಷ್ಟನ್ನು ತಿಳಿಯಲು ಆತನಿಗೆ ಎಪ್ಪತ್ತು ವರ್ಷ ಬೇಕಾಯಿತು.

ಈ ಕಲೆಯಲ್ಲಿ ಒಂದು ತ್ಯಾಗವೂ ಅಡಗಿದೆ. ತೆಳುಗಾಗದದ ಮೇಲಿನ ಚಿತ್ರವನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ ಕೊರೆಯುವಾಗ ಮೂಲಚಿತ್ರ ನಾಶವಾಗುತ್ತದೆ. ಬಣ್ಣಗಳಿಗೆ ಬೇರೆ ಬೇರೆ ಹಲಗೆ; ಕೊರೆಯುವವನೊಬ್ಬ, ಮುದ್ರಿಸುವವನೊಬ್ಬ. ಒಮ್ಮೆ ಉಳಿ ಹಿಡಿದಿದ್ದ ಹೊಕುಸಾಯ್ ಕೊರೆಯುವವರ ಕಷ್ಟವನ್ನೂ ತಪ್ಪನ್ನೂ ಚೆನ್ನಾಗಿ ಬಲ್ಲವನಾಗಿದ್ದ.

1839ರಲ್ಲಿ ಮನೆಗೆ ಬೆಂಕಿ ಬಿದ್ದು, ವರ್ಷಗಳಿಂದ ಕೂಡಿಟ್ಟ ಚಿತ್ರಗಳು ಬೂದಿಯಾದುವು. ಗಂಡನಿಂದ ಬೇರ್ಪಟ್ಟು ತವರಿಗೆ ಮರಳಿದ್ದ ಮಗಳು ಓಯಿ ಮುಪ್ಪಿನಲ್ಲಿ ತಂದೆಗೆ ಆಸರೆಯಾದಳು. ಆಕೆಯೂ ನುರಿತ ಚಿತ್ರಗಾರ್ತಿ. 1849ರಲ್ಲಿ ಆತ ಕಣ್ಮುಚ್ಚಿದ. ಟೋಕಿಯೋದ ಅಸಾಕುಸಾದಲ್ಲಿ, ಸೇಕ್ಯೋಜಿ ದೇವಾಲಯದ ಆವರಣದಲ್ಲಿರುವ ಸಮಾಧಿಶಿಲೆಯ ಮೇಲೆ ಆತ ತಾನೇ ಇಟ್ಟುಕೊಂಡಿದ್ದ ಕಡೆಗಾಲದ ಹೆಸರನ್ನು ಕೆತ್ತಲಾಗಿದೆ: ಚಿತ್ರದ ಹುಚ್ಚು ಹಿಡಿದ ಮುದುಕನೆಂದು ಅದರ ಅರ್ಥ.