ಉಷ್ಣಕ್ಕೆ ಲೆಕ್ಕ ಬರೆದ ದರ್ಜಿಯ ಮಗ: ಜೋಸೆಫ್ ಫೂರಿಯೇ

ನಮ್ಮ ವಾಚಕರಲ್ಲಿ ಬಹುಪಾಲು ಜನರು ದಿನದ ಹೆಚ್ಚಿನ ಹೊತ್ತನ್ನು ಒಲೆಯ ಬಳಿಯಲ್ಲಿಯೋ ಲೆಕ್ಕದ ಪುಸ್ತಕದ ಬಳಿಯಲ್ಲಿಯೋ ಕಳೆಯುವವರು. ಒಲೆಯನ್ನೂ ಲೆಕ್ಕವನ್ನೂ ಒಂದುಗೂಡಿಸಿದ ಮಹನೀಯನೊಬ್ಬನ ಚರಿತ್ರೆಯನ್ನು ಇಂದು ನಾವು ಅವರ ಮುಂದಿಡಬಯಸುತ್ತೇವೆ. ಶಾಖವು ಬಿಸಿಯಾದ ಕಡೆಯಿಂದ ತಣ್ಣನೆಯ ಕಡೆಗೆ ಹರಿಯುವುದೆಂಬುದನ್ನು ದೋಸೆಯ ಕಾವಲಿಯ ಮುಂದೆ ನಿಂತವನಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಅದು ಎಷ್ಟು ಹರಿಯುವುದು, ಅಡ್ಡವಿಟ್ಟ ವಸ್ತುವಿನಿಂದ ಎಷ್ಟು ಕಡಮೆಯಾಗುವುದು ಎಂಬುದನ್ನು ಕಾಗದದ ಮೇಲೆ ಕಂಡುಕೊಳ್ಳುವ ದಾರಿಯನ್ನು ಜಗತ್ತಿಗೆ ತೋರಿಸಿದವನು ಫ್ರಾನ್ಸ್ ದೇಶದ ಜೋಸೆಫ್ ಫೂರಿಯೇ.

ಫೂರಿಯೇ 1768ನೆಯ ಮಾರ್ಚ್ 21ರಂದು ಓಸೇರ್ ಎಂಬ ಪಟ್ಟಣದಲ್ಲಿ ಜನಿಸಿದನು. ತಂದೆ ದರ್ಜಿ, ಮನೆಯ ತುಂಬ ಮಕ್ಕಳು. ಹುಡುಗನಿಗೆ ಹತ್ತು ವರ್ಷ ತುಂಬುವ ಹೊತ್ತಿಗೆ ತಾಯಿಯೂ ತಂದೆಯೂ ತೀರಿಕೊಂಡಿದ್ದರು. ಊರಿನ ಸಹೃದಯರ ನೆರವಿನಿಂದ ಆತನಿಗೆ ಕ್ರೈಸ್ತ ಸನ್ಯಾಸಿಗಳು ನಡೆಸುತ್ತಿದ್ದ ಸೈನಿಕ ಶಾಲೆಯಲ್ಲಿ ಸ್ಥಳ ದೊರೆಯಿತು. ಹಗಲಿನಲ್ಲಿ ಜನರು ಎಸೆದ ಮೇಣದಬತ್ತಿಯ ತುಂಡುಗಳನ್ನು ಆಯ್ದಿಟ್ಟುಕೊಂಡು, ಎಲ್ಲರೂ ಮಲಗಿದ ಮೇಲೆ ಆ ಬೆಳಕಿನಲ್ಲಿ ಗಣಿತವನ್ನು ಓದುತ್ತಿದ್ದನೆಂದು ಆತನ ಚರಿತ್ರಕಾರರು ಬರೆದಿರುವರು.

ಫಿರಂಗಿದಳವನ್ನು ಸೇರಬೇಕೆಂಬುದು ಆತನ ಆಸೆ. ಕುಲೀನ ವಂಶದಲ್ಲಿ ಹುಟ್ಟದವನಿಗೆ ಅಲ್ಲಿ ಎಡೆಯಿಲ್ಲವೆಂದು ಬಾಗಿಲನ್ನು ಮುಚ್ಚಲಾಯಿತು. ವಿದ್ಯೆ ಎಷ್ಟಿದ್ದರೇನು, ಹುಟ್ಟು ಸಾಲದಾಯಿತು. ನಿರಾಶನಾದ ತರುಣನು 1787ರಲ್ಲಿ ಮಠವನ್ನು ಸೇರಿದನು. ಆದರೆ ಸನ್ಯಾಸ ದೀಕ್ಷೆಯನ್ನು ಪಡೆಯದೆ ಎರಡು ವರ್ಷಗಳಲ್ಲಿ ಹೊರಬಂದು, ತಾನು ಕಲಿತ ಶಾಲೆಯಲ್ಲಿಯೇ ಉಪಾಧ್ಯಾಯನಾದನು. ಅಷ್ಟರಲ್ಲಿ ಫ್ರೆಂಚ್ ಕ್ರಾಂತಿಯು ಸಿಡಿಯಿತು. ಅದರ ಸುಳಿಯಲ್ಲಿ ಸಿಕ್ಕಿ 1794ರಲ್ಲಿ ಸೆರೆಮನೆಯನ್ನೂ ಕಂಡನು. ರೊಬೆಸ್ಪಿಯೇರನ ಪತನದ ಬಳಿಕ ಬಿಡುಗಡೆ ಹೊಂದಿದನು. ಹುಟ್ಟನ್ನು ಕೇಳದ ಹೊಸ ಕಾಲವು ಆತನನ್ನು ಪ್ಯಾರಿಸಿಗೆ ಕರೆಯಿತು. ಅಲ್ಲಿ ಲಗ್ರಾಂಜ್, ಲಪ್ಲಾಸ್, ಮೋಂಜ್ ಎಂಬ ಮಹಾಗಣಿತಜ್ಞರ ಪಾಠಗಳನ್ನು ಕೇಳಿದನು. 1797ರಲ್ಲಿ ಲಗ್ರಾಂಜನ ಪೀಠದಲ್ಲಿಯೇ ಅಧ್ಯಾಪಕನಾಗಿ ಕುಳಿತನು.

ಮರುವರ್ಷ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ, ಜೊತೆಗೆ ಹೊರಟ ವಿದ್ವಾಂಸರಲ್ಲಿ ಫೂರಿಯೇ ಒಬ್ಬನು. ಕೈರೋ ನಗರದಲ್ಲಿ ಸ್ಥಾಪಿತವಾದ ವಿದ್ವತ್ಸಂಸ್ಥೆಗೆ ಆತನೇ ಕಾರ್ಯದರ್ಶಿ. 1801ರಲ್ಲಿ ಹಿಂದಿರುಗಿ ಬಂದು ಪಾಠ ಹೇಳಿಕೊಂಡಿರಬೇಕೆಂದಿದ್ದವನನ್ನು ನೆಪೋಲಿಯನ್ 1802ರಲ್ಲಿ ಗ್ರೆನೋಬ್ಲ್ ಪಟ್ಟಣದ ಸೀಮೆಗೆ ಆಡಳಿತಾಧಿಕಾರಿಯನ್ನಾಗಿ ಕಳುಹಿಸಿದನು. ನಮ್ಮಲ್ಲಿಯ ಜಿಲ್ಲಾಧಿಕಾರಿಯಂತಹ ಹುದ್ದೆ ಅದು. ಆತನು ಅಲ್ಲಿ ಜೌಗುಭೂಮಿಯ ನೀರನ್ನು ಬಸಿದು ಜ್ವರಪೀಡಿತ ಗ್ರಾಮಗಳನ್ನು ಉಳಿಸಿದನು. ಪರ್ವತಗಳ ನಡುವೆ ಇಟಲಿಯ ಕಡೆಗೆ ರಸ್ತೆಯ ಕೆಲಸವನ್ನು ನಡೆಸಿದನು. ಹಗಲೆಲ್ಲ ಕಡತ, ಅರ್ಜಿ, ರಸ್ತೆ, ಕಾಲುವೆ. ಉಳಿದ ವೇಳೆಯಲ್ಲಿ ಕಬ್ಬಿಣದ ಬಳೆಯೊಂದನ್ನು ಕಾಯಿಸಿ, ಅದರಲ್ಲಿ ತೂತುಗಳನ್ನು ಕೊರೆದು ಉಷ್ಣಮಾಪಕಗಳನ್ನು ಇಟ್ಟು, ಶಾಖವು ಎಲ್ಲಿಂದ ಎಲ್ಲಿಗೆ ಹೇಗೆ ಸಾಗುವುದೆಂದು ಅಳೆಯುತ್ತಿದ್ದನು. ದೊಡ್ಡ ಕೆಲಸಕ್ಕೆ ಬಿಡುವು ಸಿಗುವುದಿಲ್ಲವೆನ್ನುವ ಗುಮಾಸ್ತ ಮಿತ್ರರು ಇದನ್ನು ಮನಸ್ಸಿನಲ್ಲಿಡಬೇಕು.

ಆತನು ಕಂಡ ನಿಯಮವು ಸರಳವಾದುದು. ಗೋಡೆಯ ಎರಡು ಮುಖಗಳ ಉಷ್ಣತೆಯ ಅಂತರ ಹೆಚ್ಚಿದಷ್ಟೂ, ಗೋಡೆಯ ಹರವು ಹೆಚ್ಚಿದಷ್ಟೂ ಹರಿಯುವ ಶಾಖ ಹೆಚ್ಚು. ಗೋಡೆ ದಪ್ಪವಾದಷ್ಟೂ ಅದು ಕಡಮೆ. ಇವುಗಳೊಡನೆ ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಗುಣವೊಂದುಂಟು. ಅದಕ್ಕೆ ಉಷ್ಣವಾಹಕತೆಯೆಂದು ಹೆಸರು. ತಾಮ್ರಕ್ಕೆ ಅದು ಸುಮಾರು 400, ಕಬ್ಬಿಣದ ತಗಡಿಗೆ ಸುಮಾರು 50, ಇಟ್ಟಿಗೆಯ ಗೋಡೆಗೆ ಸುಮಾರು 0.7, ಥರ್ಮೋಕೋಲಿಗೆ ಸುಮಾರು 0.035.

ಈ ನಿಯಮದಿಂದಲೇ ಇಂದಿನ ಇಂಜಿನಿಯರರು ಬಳಸುವ ಉಷ್ಣರೋಧದ ಲೆಕ್ಕವು ಹುಟ್ಟಿದುದು. ಮೀಟರಿನಲ್ಲಿ ಅಳೆದ ದಪ್ಪವನ್ನು ವಾಹಕತೆಯಿಂದ ಭಾಗಿಸಿದರೆ ಒಂದು ಚದರ ಮೀಟರ್ ಗೋಡೆಯ ತಡೆ ಎಷ್ಟೆಂಬುದು ತಿಳಿಯುವುದು. ಒಂದರ ಹಿಂದೆ ಒಂದು ಪದರವಿದ್ದರೆ ತಡೆಗಳನ್ನು ಕೂಡಬೇಕು. ಎರಡು ಮುಖಗಳ ಉಷ್ಣತೆಯ ಅಂತರವನ್ನು ಆ ಮೊತ್ತದಿಂದ ಭಾಗಿಸಿದರೆ ಹರಿಯುವ ಶಾಖವು ವಾಟ್‌ಗಳಲ್ಲಿ ಬರುವುದು. ಕೂಡುವುದು, ಭಾಗಿಸುವುದು, ಇಷ್ಟೇ. ಆದರೆ ಒಂದು ನಿಬಂಧನೆಯುಂಟು: ಒಂದು ಕಡೆಯಿಂದ ಒಳಹೊಕ್ಕ ಶಾಖವಷ್ಟೂ ಮತ್ತೊಂದು ಕಡೆಯಿಂದ ಹೊರಬೀಳುತ್ತಿರಬೇಕು, ನಡುವೆ ಏನೂ ಶೇಖರವಾಗುತ್ತಿರಬಾರದು. ಇದಕ್ಕೆ ಸ್ಥಿರಸ್ಥಿತಿಯೆನ್ನುವರು.

ಉದಾಹರಣೆಗೆ, ಹೋಟೆಲೊಂದರಲ್ಲಿ ಹಾಲು ತರಕಾರಿಗಳನ್ನಿಡಲು ಸದಾ ತಂಪಾಗಿರುವ ಕೋಣೆಯೊಂದನ್ನು ಕಟ್ಟಿಸುವರೆಂದು ಭಾವಿಸೋಣ. ಬೇಸಗೆಯಲ್ಲಿ ಗೋಡೆಯ ಹೊರಮುಖ 40 ಡಿಗ್ರಿ, ಒಳಮುಖ 4 ಡಿಗ್ರಿ, ಅಂತರ 36. ಗೋಡೆಯು 23 ಸೆಂಟಿಮೀಟರ್ ಇಟ್ಟಿಗೆಯದಾದರೆ ಅದರ ತಡೆ 0.33; ಪ್ರತಿ ಚದರ ಮೀಟರಿನಿಂದ ಒಳನುಗ್ಗುವ ಶಾಖ ಸುಮಾರು 109 ವಾಟ್. ಯಜಮಾನರು ಖರ್ಚಿಗೆ ಹಿಂಜರಿಯದೆ ಇಟ್ಟಿಗೆಯನ್ನು ಇಮ್ಮಡಿ ಮಾಡಿಸಿದರೂ ಶಾಖವು ಅರ್ಧಕ್ಕೆ ಇಳಿಯುವುದು, ಅಷ್ಟೇ. ಅದರ ಬದಲು ಹಳೆಯ ಗೋಡೆಯ ಒಳಮೈಗೆ 10 ಸೆಂಟಿಮೀಟರ್ ಥರ್ಮೋಕೋಲ್ ಹೊದಿಸಿದರೆ, ಅದರ ತಡೆ 2.86, ಒಟ್ಟು 3.19, ಒಳಬರುವ ಶಾಖ 11 ವಾಟಿಗೆ ಸ್ವಲ್ಪ ಮೇಲೆ. ಒಂಬತ್ತು ಪಾಲು ಹೋಗಿ ಒಂದು ಪಾಲು ಮಾತ್ರ ಉಳಿಯಿತು! 36 ಡಿಗ್ರಿಯ ಇಳಿತದಲ್ಲಿ ಇಟ್ಟಿಗೆಯ ಪಾಲು ನಾಲ್ಕು ಡಿಗ್ರಿಯೂ ಇಲ್ಲ. ಉಳಿದ 32ನ್ನೂ ಆ ಹಗುರವಾದ ಹಲಗೆಯೇ ಹೊರುವುದು. ಆದರೆ ಕೋಣೆಯ ಬಾಗಿಲು ಬರಿಯ ತಗಡಿನದಾದರೆ ಶಾಖವು ಆ ಸುಲಭದ ದಾರಿಯಲ್ಲಿ ನುಗ್ಗುವುದು. ಅಕ್ಕಪಕ್ಕದ ದಾರಿಗಳಲ್ಲಿ ತಡೆಯನ್ನಲ್ಲ, ಹರಿವನ್ನೇ ಕೂಡಬೇಕು. ಗೋಡೆಗೆ ಮಾಡಿದ ಖರ್ಚು ಬಾಗಿಲಿನಲ್ಲಿ ಸೋರಿಹೋಗುವುದು ಹೀಗೆ.

ಶಾಖವನ್ನು ತಡೆಯಬೇಕಾದಲ್ಲಿ ಈ ಲೆಕ್ಕವು ಹೇಗೋ, ಬಿಡಬೇಕಾದಲ್ಲಿಯೂ ಹಾಗೆಯೇ. ಬೋರ್‌ವೆಲ್ಲಿನ ಗಡಸು ನೀರನ್ನು ದಿನವೂ ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಸುಣ್ಣದ ಪೊರೆ ಕಟ್ಟುವುದನ್ನು ಎಲ್ಲರೂ ಬಲ್ಲರು. ಅದರ ವಾಹಕತೆ ಸುಮಾರು 1ರ ಆಸುಪಾಸು. ಅಂದರೆ ಒಂದು ಮಿಲಿಮೀಟರ್ ಪೊರೆಯು ಹತ್ತಾರು ಮಿಲಿಮೀಟರ್ ಕಬ್ಬಿಣದಷ್ಟು ಅಡ್ಡಿ ಮಾಡುವುದು. ತಳ ಅತಿಯಾಗಿ ಕಾಯುವುದು, ಗ್ಯಾಸು ವ್ಯರ್ಥವಾಗುವುದು. ಪಾತ್ರೆ ತಿಕ್ಕುವ ಹುಡುಗನ ಕೆಲಸವನ್ನು ಕೀಳೆಂದು ಎಣಿಸುವ ಯಜಮಾನರು ಈ ಅಂಕೆಯನ್ನು ಗಮನಿಸಲಿ. ಆತನು ತೊಳೆಯುವುದು ಕೊಳೆಯನ್ನಷ್ಟೇ ಅಲ್ಲ.

ಇಷ್ಟು ಉಪಯುಕ್ತವಾದ ವಿಚಾರವನ್ನು ಲೋಕವು ಒಡನೆಯೇ ಬರಮಾಡಿಕೊಂಡಿತೆ? ಇಲ್ಲ. 1807ರ ಡಿಸೆಂಬರಿನಲ್ಲಿ ಫೂರಿಯೇ ತನ್ನ ಪ್ರಬಂಧವನ್ನು ಪ್ಯಾರಿಸಿನ ವಿದ್ವತ್ಸಭೆಗೆ ಒಪ್ಪಿಸಿದನು. ಪರೀಕ್ಷಕರಲ್ಲಿ ಆತನ ಗುರುಗಳೇ ಇದ್ದರು. ಯಾವುದೇ ಏರಿಳಿತವನ್ನು ಸರಳವಾದ ಅಲೆಗಳ ಮೊತ್ತವಾಗಿ ಬರೆಯಬಹುದೆಂಬ ಆತನ ಗಣಿತವು ಲಗ್ರಾಂಜನಿಗೆ ಒಪ್ಪಿಗೆಯಾಗಲಿಲ್ಲ, ಪ್ರಬಂಧವು ಅಚ್ಚಾಗಲಿಲ್ಲ. ಇದೇ ವಿಷಯದ ಸ್ಪರ್ಧೆಯಲ್ಲಿ 1812ರಲ್ಲಿ ಬಹುಮಾನವೇನೋ ಬಂದಿತು. ಅದರೊಡನೆ, ನಿರೂಪಣೆಯಲ್ಲಿ ಕಟ್ಟುನಿಟ್ಟು ಸಾಲದೆಂಬ ಆಕ್ಷೇಪವೂ ಬಂದಿತು. ಆಗಲೂ ಅಚ್ಚಾಗಲಿಲ್ಲ. 1815ರಲ್ಲಿ ನೆಪೋಲಿಯನ್ ಕೊನೆಯದಾಗಿ ಸೋತಾಗ ಫೂರಿಯೇ ಹುದ್ದೆಯಿಲ್ಲದವನಾಗಿದ್ದನು. ಮರುವರ್ಷ ವಿಜ್ಞಾನ ಅಕಾಡೆಮಿಯು ಆತನನ್ನು ಚುನಾಯಿಸಿದರೆ ದೊರೆಯು ಒಪ್ಪಲಿಲ್ಲ. 1817ರಲ್ಲಿ ಮತ್ತೆ ಚುನಾಯಿತನಾಗಿಯೇ ಒಳಹೊಕ್ಕನು. 1822ರಲ್ಲಿ ಅದರ ಕಾಯಂ ಕಾರ್ಯದರ್ಶಿಯಾದನು. ಅದೇ ವರ್ಷ ಉಷ್ಣವನ್ನು ಕುರಿತ ಮಹಾಗ್ರಂಥವೂ ಹೊರಬಂದಿತು. ಮೊದಲ ಪ್ರಬಂಧದಿಂದ ಗ್ರಂಥದವರೆಗೆ ಹದಿನೈದು ವರ್ಷ!

ಜರ್ಮನಿಯಲ್ಲಿ ಓಮ್ ಎಂಬ ಉಪಾಧ್ಯಾಯನು ಆ ಗ್ರಂಥವನ್ನು ಮಾದರಿಯಾಗಿಟ್ಟುಕೊಂಡು 1827ರಲ್ಲಿ ವಿದ್ಯುತ್ತಿನ ನಿಯಮವನ್ನು ಬರೆದನು. ವಿದ್ಯುತ್ತಿನಲ್ಲಿ ಬೆಳೆದ ರೋಧದ ಭಾಷೆಯನ್ನು ಮುಂದಿನ ತಲೆಮಾರಿನವರು ಉಷ್ಣಕ್ಕೆ ಮರಳಿ ತಂದರು. ಕೊಟ್ಟ ಸಾಲವು ಬಡ್ಡಿಸಹಿತ ಹಿಂದಿರುಗಿದಂತಾಯಿತು. ಲಗ್ರಾಂಜನು ಸಂದೇಹಿಸಿದ ಅಲೆಗಳ ಗಣಿತವಾದರೋ ಇಂದು ನಮ್ಮ ದೂರವಾಣಿಯ ಧ್ವನಿಯಲ್ಲಿಯೂ ಚಿತ್ರದಲ್ಲಿಯೂ ಕೆಲಸ ಮಾಡುತ್ತಿರುವುದು.

ಈಜಿಪ್ಟಿನಿಂದ ಬಂದಂದಿನಿಂದ ಫೂರಿಯೇಗೆ ಚಳಿಯ ಬಾಧೆ. ಯಾವ ಋತುವಿನಲ್ಲಿಯೂ ದಪ್ಪ ಉಡುಪನ್ನು ಬಿಡದೆ, ಕೋಣೆಯನ್ನು ಕಾಯಿಸಿಕೊಂಡೇ ಇರುತ್ತಿದ್ದನು. 1830ನೆಯ ಮೇ 16ರಂದು ಪ್ಯಾರಿಸಿನಲ್ಲಿ ಮಡಿದನು. ಹುಟ್ಟೂರಿನಲ್ಲಿ ನಿಲ್ಲಿಸಿದ್ದ ಕಂಚಿನ ಪ್ರತಿಮೆಯು ಎರಡನೆಯ ಮಹಾಯುದ್ಧದಲ್ಲಿ ಕರಗಿಹೋಯಿತು. ಐಫೆಲ್ ಗೋಪುರದ ಮೇಲೆ ಕೊರೆದ 72 ಹೆಸರುಗಳಲ್ಲಿ ಆತನ ಹೆಸರು ಇಂದಿಗೂ ಇದೆ.

ನಮ್ಮ ದಿಲ್‌ಸುಖ್‌ನಗರದ ಬೀದಿಗಳಲ್ಲಿ ಪರೀಕ್ಷೆಗಳಿಗೆ ಸಿದ್ಧಗೊಳಿಸುವ ತರಗತಿಗಳೂ ವಿದ್ಯಾರ್ಥಿಗಳ ಹಾಸ್ಟೆಲುಗಳೂ ಸಾಲುಗಟ್ಟಿವೆ. ಫೂರಿಯೇಯ ನಿಯಮವನ್ನು ಕಲಿಯಲು ಅಲ್ಲಿಗೆ ಶುಲ್ಕ ತೆತ್ತು ಬರುವ ಮಕ್ಕಳಿಗೆ ಕಾಫಿ ತಿಂಡಿ ಕೊಡುವವರು ನಮ್ಮ ಊರುಗಳಿಂದ ಬಂದ ಹುಡುಗರು. ಮೇಜಿನ ಈಚೆಗಿರುವವನು ಓದತಕ್ಕವನು, ಆಚೆಗಿರುವವನು ಒರಸತಕ್ಕವನು ಎಂಬ ವಿಧಿಯನ್ನು ಯಾರೂ ಬರೆದಿಲ್ಲ. ಮೇಲೆ ಹೇಳಿದ ಲೆಕ್ಕಕ್ಕೆ ಬೇಕಾದುದು ಕೂಡುವ ಭಾಗಿಸುವ ಬಲ್ಮೆ; ಅದು ಗಲ್ಲೆಯಲ್ಲಿ ಕುಳಿತವನಿಗೆ ದಿನವೂ ನಡೆಯುವ ಅಭ್ಯಾಸ. ರಾತ್ರಿ ಒಲೆ ಆರಿದ ಮೇಲೆ ಒಂದು ಗಂಟೆಯ ಓದಿಗೆ ಹುಡುಗರಿಗೆ ದೀಪವನ್ನೂ ಸ್ಥಳವನ್ನೂ ಕೊಡಬೇಕೆಂದು ಯಜಮಾನರಲ್ಲಿ ನಾವು ವಿನಂತಿಸುತ್ತೇವೆ. ದರ್ಜಿಯ ಮಗನಿಗೆ ಮೇಣದ ತುಂಡುಗಳನ್ನು ಆಯಬೇಕಾಯಿತು. ನಮ್ಮ ಹುಡುಗರಿಗೆ ಒಂದು ಸ್ವಿಚ್ಚು ಸಾಕು.