ಅಗ್ನಿನಿರೋಧಕ ಮರಕ್ಕೆ ದಾರಿ ತೋರಿದ ಗೇ-ಲ್ಯುಸಾಕ್

ಜೋಸೆಫ್ ಲೂಯಿ ಗೇ-ಲ್ಯುಸಾಕ್ 1778ರಲ್ಲಿ ಫ್ರಾನ್ಸ್ ದೇಶದಲ್ಲಿ ಜನಿಸಿದರು. ಪ್ಯಾರಿಸ್ ನಗರದಲ್ಲಿ ರಸಾಯನಶಾಸ್ತ್ರವನ್ನು ಅಭ್ಯಸಿಸಿ, 1804ರಲ್ಲಿ ಬಲೂನಿನ ಮೂಲಕ ಸುಮಾರು 7,000 ಮೀಟರ್ ಎತ್ತರಕ್ಕೇರಿ ಅಲ್ಲಿನ ಗಾಳಿಯನ್ನು ಪರೀಕ್ಷೆಗಾಗಿ ತಂದರು. 1808ರಲ್ಲಿ ಸಹೋದ್ಯೋಗಿ ಥೆನಾರ್ ಅವರೊಡನೆ ಬೋರಾನ್ ಧಾತುವನ್ನು ಬೇರ್ಪಡಿಸಿದರು.

ಅಂದಿನ ರಂಗಮಂದಿರಗಳಲ್ಲಿ ದೀಪದ ಜ್ವಾಲೆ ಪರದೆಗೆ ತಗುಲಿ ಬೆಂಕಿ ಅನಾಹುತಗಳು ಸಂಭವಿಸುತ್ತಿದ್ದವು. ಇದಕ್ಕೆ ಪರಿಹಾರ ಹುಡುಕುವ ಹೊಣೆಯನ್ನು ಅರಸ 18ನೇ ಲೂಯಿ ಇವರಿಗೆ ವಹಿಸಿದನು. ಅಮೋನಿಯಂ ಫಾಸ್ಫೇಟ್, ಅಮೋನಿಯಂ ಕ್ಲೋರೈಡ್ ಮತ್ತು ಬೊರಾಕ್ಸ್ ಲವಣಗಳ ದ್ರಾವಣದಲ್ಲಿ ಅದ್ದಿದ ಬಟ್ಟೆ ಸುಲಭವಾಗಿ ಹೊತ್ತಿ ಉರಿಯುವುದಿಲ್ಲವೆಂದು 1821ರಲ್ಲಿ ಅವರು ಪ್ರಕಟಿಸಿದರು.

ಬಟ್ಟೆಯಂತೆ ಮರದಲ್ಲಿಯೂ ಸೆಲ್ಯುಲೋಸ್ ಇರುವುದರಿಂದ ಇದೇ ತತ್ತ್ವ ಮರಕ್ಕೂ ಅನ್ವಯಿಸುತ್ತದೆ. ಕಾದಾಗ ಫಾಸ್ಫೇಟ್ ಆಮ್ಲವಾಗಿ ಮಾರ್ಪಟ್ಟು, ಉರಿಯುವ ಅನಿಲಗಳ ಬದಲು ಹೆಚ್ಚು ಇದ್ದಿಲು ಉಂಟಾಗುವಂತೆ ಮಾಡುತ್ತದೆ. ಬೊರಾಕ್ಸ್ ಕರಗಿ ಗಾಜಿನಂಥ ಪದರವಾಗಿ ಗಾಳಿಯನ್ನು ತಡೆಯುತ್ತದೆ. ಇಂದಿಗೂ ಒತ್ತಡದ ಮೂಲಕ ಇಂತಹ ಲವಣಗಳನ್ನು ಮರದೊಳಕ್ಕೆ ಸೇರಿಸಲಾಗುತ್ತದೆ.

ಆದರೆ ರೈತರು ಇದರ ಮಿತಿಯನ್ನು ಅರಿತಿರಬೇಕು. ಈ ಲವಣಗಳು ನೀರಿನಲ್ಲಿ ಕರಗುವುದರಿಂದ ಮಳೆಗೆ ತೋಯುವ ಮರಕ್ಕೆ ಸೂಕ್ತವಲ್ಲ. ಸೂರಿನಡಿಯ ತೊಲೆ, ಜಂತಿಗಳಿಗೆ ಮಾತ್ರ ಯೋಗ್ಯ. ದನಕರುಗಳು ನೆಕ್ಕುವ ಗೋದಲಿಗೆ ಬಳಸಬಾರದು. ಸಂಸ್ಕರಿಸಿದ ಮರವೂ ಪ್ರಬಲ ಬೆಂಕಿಯಲ್ಲಿ ಉರಿಯುತ್ತದೆ, ಆದರೆ ನಿಧಾನವಾಗಿ. ಕೊಟ್ಟಿಗೆಯ ಜಾನುವಾರುಗಳ ಹಗ್ಗ ಬಿಚ್ಚಿ ಹೊರಗಟ್ಟಲು ದೊರೆಯುವ ಆ ಕೆಲವು ನಿಮಿಷಗಳೇ ಇದರ ನಿಜವಾದ ಲಾಭ.

ಗೇ-ಲ್ಯುಸಾಕ್ 1850ರಲ್ಲಿ ಪ್ಯಾರಿಸ್ ನಗರದಲ್ಲಿ ನಿಧನರಾದರು. ರಂಗಮಂದಿರದ ಪರದೆಗಾಗಿ ಅವರು ಕಂಡುಕೊಂಡ ಉಪಾಯ ಇಂದು ಮನೆ, ಕೊಟ್ಟಿಗೆಗಳ ಮರಕ್ಕೂ ರಕ್ಷಣೆಯಾಗಿದೆ.