ಆರರವರೆಗೆ ಏರಿ ಇಳಿಯುವ ಹಾರ

ಚಾಮರಾಜನಗರದಿಂದ ಗುಂಡ್ಲುಪೇಟೆ ಕಡೆ ಬಸ್ಸಲ್ಲಿ ಹೋಗುವ ನಮಗೆ ಮಳೆಗಾಲದ ಚೆಂಡು ಹೂವಿನ ಹೊಲ ಹೊಸದೇನಲ್ಲ. ಓಣಂ ಹತ್ತಿರ ಬಂದರೆ ಆ ಹೂವೆಲ್ಲ ಮೂಟೆ ಮೂಟೆ ಕೇರಳಕ್ಕೆ ಹೋಗುತ್ತೆ, ಅಲ್ಲಿ ಯಾರ್ಯಾರೋ ಅದನ್ನ ಪೋಣಿಸುತ್ತಾರೆ. ಅಂಕಿಗಳನ್ನೇ ಹೀಗೆ ಪೋಣಿಸಿದವರೊಬ್ಬರು ನಮ್ಮ ನಾಡಲ್ಲಿದ್ದರು. ಅವರು ಮಹಾವೀರಾಚಾರ್ಯರು.

ಕಾಲ ಕ್ರಿ.ಶ. 850ರ ಆಸುಪಾಸು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಮಾನ್ಯಖೇಟದಲ್ಲಿ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಆಳುತ್ತಿದ್ದ. 'ಕವಿರಾಜಮಾರ್ಗ' ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಜೈನರಾದ ಆಚಾರ್ಯರು ಅಲ್ಲೇ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ತೀರ್ಥಂಕರನನ್ನೂ ಅರಸನನ್ನೂ ಹೊಗಳಿದ್ದಾರೆ, ಗಣಿತವನ್ನಂತೂ ಬಾಯ್ತುಂಬ ಹೊಗಳಿದ್ದಾರೆ. ತಮ್ಮ ಊರು, ಮನೆ, ತಂದೆತಾಯಿಯ ಸುದ್ದಿಯನ್ನೇ ಎತ್ತಿಲ್ಲ. ಹಾಗಾಗಿ ಅವರ ಬದುಕು ಹುಡುಕಬೇಕಂದ್ರೆ ಲೆಕ್ಕಗಳಲ್ಲೇ ಹುಡುಕಬೇಕು.

ಗುಣಾಕಾರದ ಭಾಗದಲ್ಲಿ ಒಂದು ಲೆಕ್ಕ ಇದೆ: 27994681ನ್ನು 441ರಿಂದ ಗುಣಿಸಿ. ಉತ್ತರ 12345654321. ಒಂದರಿಂದ ಶುರುವಾಗಿ ಆರರವರೆಗೆ ಏರಿ, ಅದೇ ಮೆಟ್ಟಿಲಲ್ಲಿ ಇಳಿಯುವ ಸಂಖ್ಯೆ. ಇಂಥ ಉತ್ತರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. ಶಿಷ್ಯ ಎಲ್ಲೋ ತಪ್ಪಿದರೆ ಹಾರದ ಅಂದ ಕೆಡುತ್ತೆ, ಗುರು ಬಂದು ಹೇಳೋವರೆಗೆ ಕಾಯಬೇಕಿಲ್ಲ. ಇದು ನಮ್ಮ ಊಹೆ, ಆದರೆ ಪಾಠ ಮಾಡಿದ ಕೈಯ ಗುರುತು ಅಲ್ಲಿ ಕಾಣುತ್ತೆ.

ಒಳಗಿನ ಗುಟ್ಟು ನೋಡಿ. 441 ಅಂದರೆ 21ರ ವರ್ಗ, 27994681 ಅಂದರೆ 5291ರ ವರ್ಗ. 21 ಮತ್ತು 5291 ಗುಣಿಸಿದರೆ 111111. ಅದರ ವರ್ಗವೇ ನಮ್ಮ ಹಾರ. 111111ನ್ನು ಒಡೆದರೆ 3, 7, 11, 13, 37. ಹಾರದ ಅಂಕಿಗಳನ್ನ ಕೂಡಿದರೆ 36, ಅದೂ ಆರರ ವರ್ಗ! ಒಂಬತ್ತು ಒಂದುಗಳವರೆಗೂ ಈ ಆಟ ನಡೆಯುತ್ತೆ. ಹತ್ತಾದರೆ ಕೈಯಲ್ಲಿ ಉಳಿಯುವ ದಶಕ ನುಗ್ಗಿ 1234567900987654321 ಆಗಿ ಏರುವ ಕಡೆಯ ಎಂಟು ಮಾಯ.

ಪರೀಕ್ಷೆಗೆ ಒಯ್ಯುವ ಹತ್ತಂಕಿಯ ಕ್ಯಾಲ್ಕುಲೇಟರ್‌ನಲ್ಲಿ ಈ ಗುಣಾಕಾರ ಹಾಕಿದರೆ ಹಾರದ ಕೊನೆಯ ಮಣಿ ಕಾಣೋದಿಲ್ಲ, ಹತ್ತರ ಘಾತ ಬರುತ್ತೆ. ಸಿ ಪ್ರೋಗ್ರಾಂನಲ್ಲಿ ಇದನ್ನ 32 ಬಿಟ್‌ನ ಇಂಟ್‌ಗೆ ತುಂಬಿದರೆ ಸಾಮಾನ್ಯವಾಗಿ ಸಿಗೋದು -539247567. ಓಲೆಗರಿಯಲ್ಲಿ ಹಿಡಿಸಿದ್ದು ಅಲ್ಲಿ ಹಿಡಿಸಲ್ಲ.

ಹಾಗಂತ ಆಚಾರ್ಯರು ತಪ್ಪೇ ಮಾಡಲಿಲ್ಲ ಅಂತಲ್ಲ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದವರು, ಎನ್ ವಸ್ತುಗಳಲ್ಲಿ ಆರ್ ಆರಿಸುವ ಸೂತ್ರ ಕೊಟ್ಟವರು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗಲ್ಲ ಅಂತಲೂ ಬರೆದುಬಿಟ್ಟರು. ನಮ್ಮಲ್ಲಿ ಯಾರಾದರೂ ಹಾಗೆ ಬರೆದರೆ ಸೊನ್ನೆಯೇ ಸಿಗೋದು.

ಪುಸ್ತಕ ದಕ್ಷಿಣದಲ್ಲಿ ಶತಮಾನಗಳ ಕಾಲ ಬಳಕೆಯಲ್ಲಿತ್ತು. ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. ಅದಕ್ಕಾಗಿ ನೋಡಿದ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು.